ಬಟ್ಟಲು ಬರಿದು ಮಾಡದ ಅಪ್ಪ-ಮಗ

2007ರ ಜನವರಿ 6, ಶನಿವಾರ. ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ, ಹ್ಯಾರೊಗೇಟ್ ಪಟ್ಟಣದ ಹತ್ತಿರ ಒಂದು ಹೊಲ. ಡೇವಿಡ್ ವೀಲನ್ ಮತ್ತು ಅವರ ಮಗ ಆ್ಯಂಡ್ರೂ ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ಓಡಾಡುತ್ತಿದ್ದರು. ಇದು ಅವರ ಹೊಟ್ಟೆಪಾಡಲ್ಲ, ರಜೆಯ ದಿನದ ಹವ್ಯಾಸ. ನಮ್ಮಲ್ಲಿ ಅಪ್ಪ-ಮಗ ಗಾಳ ಹಿಡಿದು ಕೆರೆ ಏರಿ ಮೇಲೆ ಕೂತು ಸಂಜೆ ಮಾಡಿಕೊಂಡು ಬರುತ್ತಾರಲ್ಲ, ಹಾಗೆ. ಮೀನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ.

ಆ ದಿನ ಸಿಕ್ಕಿತು. ಯಂತ್ರ ಕೂಗಿದ ಕಡೆ ಅಗೆದರೆ ಒಂದು ಬೆಳ್ಳಿಯ ಬಟ್ಟಲು. ಅಡ್ಡಕ್ಕೆ ಸುಮಾರು 12 ಸೆಂಟಿಮೀಟರ್, ನಮ್ಮ ಪಾಯಸದ ಬಟ್ಟಲಿನಷ್ಟು ಅನ್ನಿ. ಒಳಗೆ ನಾಣ್ಯ, ಬೆಳ್ಳಿಯ ತುಂಡು, ಮಣ್ಣು ಎಲ್ಲ ಒತ್ತೊತ್ತಾಗಿ ತುಂಬಿತ್ತು.

ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಸಿಕ್ಕಿದ ಮಾಲಿನ ಬಗ್ಗೆ ಮಾತಾಡುತ್ತಾರೆ. ಎಷ್ಟು ನಾಣ್ಯ, ಎಷ್ಟು ದುಡ್ಡು. ಅದಕ್ಕೂ ಬರುತ್ತೇನೆ. ಆದರೆ ಈ ಪ್ರಕರಣದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರಿಬ್ಬರೂ ಮಾಡದೆ ಬಿಟ್ಟ ಒಂದು ಕೆಲಸ. ಅವರು ಬಟ್ಟಲನ್ನು ಬೋರಲು ಹಾಕಲಿಲ್ಲ. ಬೆರಳು ತೂರಿಸಿ ಒಂದೊಂದೇ ಹೊರಗೆ ತೆಗೆದು ಎಣಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ, ಮಣ್ಣಿನ ಸಮೇತ, ಅದಕ್ಕೆಂದೇ ಇರುವ ಅಧಿಕಾರಿಗೆ ಒಪ್ಪಿಸಿದರು.

ನಿಮ್ಮಿಂದ ಆಗುತ್ತಿತ್ತಾ? ನಮ್ಮ ಮನೆಯಲ್ಲಂತೂ ಆಗಲಿಲ್ಲ.

ಅಜ್ಜಿಯ ಕಾಸು

ಚಿತ್ರದುರ್ಗದ ಕಡೆ ನಮ್ಮದೊಂದು ತುಂಡು ಹೊಲ ಇದೆ. ನಾನು ಹುಟ್ಟುವ ಮುಂಚೆ, ಕುಂಟೆ ಹೊಡೆಯುವಾಗ ಅಲ್ಲಿ ಒಂದು ತಾಮ್ರದ ಕಾಸು ಸಿಕ್ಕಿತಂತೆ. ಹಸಿರು ಕಿಲುಬು ಹಿಡಿದ ಕಾಸು. ಅಜ್ಜಿ ಅದಕ್ಕೆ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿದರು. ಒಂದು ದಿನ ಅಲ್ಲ, ಹಬ್ಬ ಬಂದಾಗಲೆಲ್ಲ ಪೂಜೆಯ ಚೊಂಬಿನ ಜೊತೆ ಅದಕ್ಕೂ ಸ್ನಾನ. ನಾನು ನೋಡುವ ಹೊತ್ತಿಗೆ ಅದು ದೇವರ ಗೂಡಿನಲ್ಲಿ ಫಳಫಳ ಹೊಳೆಯುತ್ತಿತ್ತು. ಎರಡೂ ಕಡೆ ನುಣ್ಣಗೆ. ಒಂದು ಬದಿಯಲ್ಲಿ ಬಾಗಿದ ಒಂದು ಗೆರೆ ಮಾತ್ರ ಉಳಿದಿದೆ, ಆನೆಯ ಬೆನ್ನಿನ ಹಾಗೆ. ಆನೆ ಅಂದರೆ ಟಿಪ್ಪು ಕಾಲದ್ದಿರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೂ ಇರಬಹುದು. ಇಬ್ಬರ ಕಾಸಿನ ಮೇಲೂ ಆನೆ ಇತ್ತು. ಯಾರದು ಅಂತ ಹೇಳಬೇಕಾಗಿದ್ದ ಅಕ್ಷರಗಳು ಹುಣಸೆಹಣ್ಣಿನ ಜೊತೆ ಬಚ್ಚಲಿಗೆ ಹೋದವು.

ಹೊಲದ ಯಾವ ಮೂಲೆಯಲ್ಲಿ ಸಿಕ್ಕಿತು ಅನ್ನುವುದೂ ಈಗ ಯಾರಿಗೂ ಗೊತ್ತಿಲ್ಲ. ಕುಂಟೆ ಹೊಡೆದವರೂ ಇಲ್ಲ.

ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೆಟಲ್ ಡಿಟೆಕ್ಟರ್ ಕೆಲಸ ಮಾಡುವ ರೀತಿ ಸರಳ. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ, ಅದರಿಂದ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಕೆಳಗೆ ಲೋಹ ಇದ್ದರೆ ಅದರೊಳಗೂ ಸಣ್ಣ ಸುಳಿಪ್ರವಾಹ ಎದ್ದು, ತನ್ನದೇ ಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ, ಹೆಡ್‌ಫೋನ್‌ನಲ್ಲಿ ಬೀಪ್ ಬರುತ್ತದೆ. ವಾಪಸ್ ಬಂದ ಅಲೆ ಎಷ್ಟು ತಡವಾಗಿದೆ ಅನ್ನುವುದರ ಮೇಲೆ ಕಬ್ಬಿಣವೋ, ಬೆಳ್ಳಿ-ತಾಮ್ರದಂಥದ್ದೋ ಅಂತ ಒಂದು ಅಂದಾಜು ಮಾಡಬಹುದು.

ಅಂದಾಜು ಅಷ್ಟೇ. ಒಂಟಿ ನಾಣ್ಯವಾದರೆ ಗೇಣುದ್ದದ ಆಳ ದಾಟುವುದೇ ಕಷ್ಟ. ದೊಡ್ಡ ವಸ್ತುವಾದರೆ ಇನ್ನೂ ಸ್ವಲ್ಪ ಕೆಳಗಿನದ್ದೂ ಕೇಳಿಸುತ್ತದೆ. ಸೀಸ, ತಂಪು ಪಾನೀಯದ ಡಬ್ಬಿಯ ಮುಚ್ಚಳ, ಹಳೇ ಕೋಟಿನ ಗುಂಡಿ, ಟ್ರ್ಯಾಕ್ಟರಿನ ತುಂಡು, ಎಲ್ಲಕ್ಕೂ ಅದು ಕೂಗುತ್ತದೆ. ದಿನವಿಡೀ ಬಗ್ಗಿ ಬಗ್ಗಿ ಅಗೆದು ಜೇಬು ತುಂಬ ಕಸ ತುಂಬಿಕೊಂಡು ಮನೆಗೆ ಬರುವುದೇ ಈ ಹವ್ಯಾಸ. ಜೊತೆಗೆ ಮನೆಯವರು ಯಾರಾದರೂ ಬೇಕು ಅನ್ನಿಸುವುದು ಅದಕ್ಕೇ ಇರಬೇಕು. ಖಾಲಿ ಕೈ ಇಬ್ಬರದಾದರೆ ಅಷ್ಟು ಭಾರ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಯಂತ್ರಕ್ಕೆ ಲೋಹ ಮಾತ್ರ ಗೊತ್ತು. ಮಡಕೆ ಚೂರು, ಮೂಳೆ, ಇದ್ದಿಲು, ಬಟ್ಟೆಯ ಎಳೆ, ಮಣ್ಣಿನ ಬಣ್ಣ ಬದಲಾದ ಗೆರೆ ಇವು ಅದಕ್ಕೆ ಕಾಣುವುದಿಲ್ಲ. ಪುರಾತತ್ವದವರಿಗೆ ಬೇಕಾಗಿರುವುದು ಬಹುಪಾಲು ಇವೇ. ಲೋಹವನ್ನು ಹೆಕ್ಕಿಕೊಂಡು ಉಳಿದದ್ದನ್ನು ಕಲಸಿಬಿಟ್ಟರೆ ಹೇಳಬೇಕಾದ ಕತೆ ಹಾಳಾಗುತ್ತದೆ. ಹಾಗಾಗಿ ಅಲ್ಲಿನ ಪುರಾತತ್ವಜ್ಞರಲ್ಲಿ ಡಿಟೆಕ್ಟರ್ ಹಿಡಿದವರನ್ನು ಕಂಡರೆ ಮುಖ ಸಿಂಡರಿಸುವವರೂ ಇದ್ದಾರೆ. ವೀಲನ್ ಅಪ್ಪ-ಮಗನೂ ಬಟ್ಟಲನ್ನು ನೆಲದಿಂದ ಎತ್ತಿದರು ಅನ್ನುವುದು ನಿಜ. ಅದನ್ನು ನೆಲದಲ್ಲೇ ಬಿಟ್ಟು ತಜ್ಞರನ್ನು ಕರೆಸಿದ್ದರೆ ಇನ್ನೂ ಚೆನ್ನಾಗಿತ್ತು. 1992ರಲ್ಲಿ ಸಫೋಕ್‌ನ ಹಾಕ್ಸ್ನ್ ಹಳ್ಳಿಯಲ್ಲಿ ಒಬ್ಬರು ಹಾಗೇ ಮಾಡಿದ್ದರು. ಅವರು ಹೊಲಕ್ಕೆ ಹೋಗಿದ್ದು ಪರಿಚಯದ ರೈತನ ಕಳೆದುಹೋದ ಸುತ್ತಿಗೆ ಹುಡುಕಲು. ಸಿಕ್ಕಿದ್ದು ರೋಮನ್ನರ ಕಾಲದ ಚಿನ್ನ-ಬೆಳ್ಳಿ. ಸ್ವಲ್ಪ ತೆಗೆದವರೇ ನಿಲ್ಲಿಸಿ ಸುದ್ದಿ ಮುಟ್ಟಿಸಿದರು, ಮಿಕ್ಕದ್ದನ್ನು ತಜ್ಞರು ನೆಲದಿಂದಲೇ ಬಿಡಿಸಿದರು. ಆಮೇಲೆ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಬಟ್ಟಲಿನೊಳಗೆ

ಬ್ರಿಟಿಷ್ ಮ್ಯೂಸಿಯಮ್ಮಿನ ಸಂರಕ್ಷಣೆಯ ತಜ್ಞರು ಬಟ್ಟಲನ್ನು ನಿಧಾನವಾಗಿ ಬಿಡಿಸಿದರು. ಬೆಳ್ಳಿಯ ನಾಣ್ಯ 617. ಬೇರೆ ವಸ್ತು 65: ಬೆಳ್ಳಿಯ ಗಟ್ಟಿಗಳು, ಒಡವೆಗಳು, ಕತ್ತರಿಸಿದ ತುಂಡುಗಳು. ಇಷ್ಟು ಬೆಳ್ಳಿಯ ನಡುವೆ ಚಿನ್ನದ್ದು ಅಂದರೆ ಒಂದೇ ಒಂದು ತೋಳಬಂದಿ. ಬಟ್ಟಲಿಗೇ ಚಿನ್ನದ ಮುಲಾಮಿತ್ತು. ಅದರ ಸುತ್ತ ಬಳ್ಳಿ, ಎಲೆ, ನಡುನಡುವೆ ಓಡುವ ಪ್ರಾಣಿಗಳು. ಸಿಂಹ, ಜಿಂಕೆ, ಕುದುರೆ. ಒಂಬತ್ತನೇ ಶತಮಾನದ ನಡುವೆ ಫ್ರಾಂಕ್ ಸಾಮ್ರಾಜ್ಯದಲ್ಲಿ, ಅಂದರೆ ಇವತ್ತಿನ ಫ್ರಾನ್ಸ್-ಜರ್ಮನಿಯ ಕಡೆ, ಮಾಡಿದ್ದು. ಚರ್ಚಿನ ಪೂಜೆಗೆ ಬಳಸುತ್ತಿದ್ದ ಪಾತ್ರೆ ಇರಬೇಕು ಅನ್ನುತ್ತಾರೆ. ಅದು ವೈಕಿಂಗರ (ಡೆನ್ಮಾರ್ಕ್-ನಾರ್ವೆ ಕಡೆಯಿಂದ ಹಡಗೇರಿ ಬಂದ ಜನ) ಕೈಗೆ ಲೂಟಿಯಲ್ಲಿ ಬಂತೋ, ಲೂಟಿ ಮಾಡಬೇಡಿ ಅಂತ ಕೊಟ್ಟ ಕಪ್ಪವಾಗಿ ಬಂತೋ! ಎರಡರಲ್ಲೊಂದು.

ನಾಣ್ಯಗಳ ಪೈಕಿ ಒಂದು ಬಗೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾರ್ಕ್ ನಗರವನ್ನು ವೈಕಿಂಗರು ಆಳುತ್ತಿದ್ದಾಗ ಅಚ್ಚು ಹಾಕಿದ್ದು. ಮೇಲೆ ಸಂತ ಪೀಟರನ ಹೆಸರು, ಲ್ಯಾಟಿನ್ನಿನಲ್ಲಿ. ನಡುವೆ ಒಂದು ಕತ್ತಿ. ಪೀಟರ್ ಹೆಸರಿನ ಕೊನೆಯ ಅಕ್ಷರ ಒಂದು ನೆಟ್ಟಗಿನ ಗೆರೆ ಆಗಿರಬೇಕಿತ್ತು. ಅದು ಗೆರೆಯಾಗಿಲ್ಲ. ತಲೆಕೆಳಗಾಗಿ ಹಿಡಿದ ಸುತ್ತಿಗೆಯಾಗಿದೆ. ಅದು ಥಾರ್ ದೇವರ ಸುತ್ತಿಗೆ, ವೈಕಿಂಗರ ಹಳೇ ದೇವರದ್ದು. ಹೊಸ ದೇವರಿಗೂ ಕೈಮುಗಿದು, ಹಳೇ ದೇವರನ್ನೂ ಬಿಟ್ಟುಕೊಡದ ನಾಣ್ಯ. ಮನೆದೇವರನ್ನು ಬಿಡದೆ ಊರ ಜಾತ್ರೆಗೂ ಹೋಗುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬಟ್ಟಲಿನಲ್ಲಿ ಸಮರ್‌ಕಂಡ್‌ನ ದಿರ್ಹಮ್‌ಗಳೂ ಇದ್ದವು. ಈ ಬೆಳ್ಳಿ ನಾಣ್ಯಗಳ ಮೇಲೆ ಅರಬ್ಬಿ ಅಕ್ಷರ, ಅಲ್ಲಾಹುವಿನ ಹೆಸರು. ಮಧ್ಯ ಏಷ್ಯಾದ ಬೆಳ್ಳಿ ರಷ್ಯಾದ ನದಿಗಳ ದಾರಿಯಲ್ಲಿ ಬಾಲ್ಟಿಕ್ ಸಮುದ್ರಕ್ಕೆ, ಅಲ್ಲಿಂದ ಸ್ಕ್ಯಾಂಡಿನೇವಿಯಾಕ್ಕೆ, ಕೊನೆಗೆ ಯಾರ್ಕ್‌ಶೈರ್‌ಗೆ ಬಂದಿತ್ತು. ವೈಕಿಂಗರಿಗೆ ಬೆಳ್ಳಿ ಅಂದರೆ ತೂಕ. ಸಾಮಾನು ಕೊಳ್ಳುವಾಗ ಬಳೆಯನ್ನೋ ಗಟ್ಟಿಯನ್ನೋ ಕತ್ತರಿಸಿ ತಕ್ಕಡಿಗೆ ಹಾಕುತ್ತಿದ್ದರು. ಬೆಳ್ಳಿ ಅಸಲಿಯೋ ಅಲ್ಲವೋ ಅಂತ ನೋಡಲು ಚಾಕುವಿನ ತುದಿಯಿಂದ ಸಣ್ಣದಾಗಿ ಕಚ್ಚು ಹಾಕುತ್ತಿದ್ದರು. ನಮ್ಮ ಅಕ್ಕಸಾಲಿಗರ ಒರೆಗಲ್ಲು ಇದ್ದ ಹಾಗೆ. ಇಂಥ ಕಚ್ಚುಗಳೂ ಒಂದು ಬಗೆಯ ಬರಹವೇ. ತಿಕ್ಕಿ ತೊಳೆದರೆ ಮೊದಲು ಅಳಿಯುವುದು ಅವೇ.

ಇನ್ನು ಕಾಲ. ಬಟ್ಟಲಿನಲ್ಲಿದ್ದ ತೀರ ಹೊಸ ನಾಣ್ಯ ಇಂಗ್ಲಿಷರ ರಾಜ ಆಥೆಲ್‌ಸ್ಟನ್‌ನದು. ಅದರ ಮೇಲೆ ಅವನನ್ನು ಇಡೀ ಬ್ರಿಟನ್ನಿನ ರಾಜ ಅಂತ ಕರೆದಿದೆ. 927ರಲ್ಲಿ ಯಾರ್ಕಿನ ವೈಕಿಂಗ್ ರಾಜ ಸಿಟ್ರಿಕ್ ತೀರಿಕೊಂಡ. ಆಥೆಲ್‌ಸ್ಟನ್ ಬಂದು ಯಾರ್ಕನ್ನು ಹಿಡಿದ. ಆ ಬಿರುದು ಹೊಂದುವುದು ಅದಾದ ಮೇಲೆಯೇ. ಆ ಗಲಾಟೆಯ ಒಂದೆರಡು ವರ್ಷದೊಳಗೆ ಯಾರೋ ಒಬ್ಬ ದೊಡ್ಡ ಕುಳ ತನ್ನ ಬೆಳ್ಳಿಯನ್ನೆಲ್ಲ ಬಟ್ಟಲಿಗೆ ತುಂಬಿ, ಅದನ್ನು ಸೀಸದ ಪೆಟ್ಟಿಗೆಯಂಥದ್ದರಲ್ಲಿಟ್ಟು ಹೂತಿದ್ದಾನೆ. ಗಲಾಟೆ ಮುಗಿದ ಮೇಲೆ ಬಂದು ತೆಗೆಯೋಣ ಅಂದುಕೊಂಡಿರಬೇಕು. ಬರಲಿಲ್ಲ.

617ರಲ್ಲಿ ಒಂದು ನಾಣ್ಯದ ಮೇಲೆ ಈ ಲೆಕ್ಕ ನಿಂತಿದೆ ಅನ್ನುವುದನ್ನು ಗಮನಿಸಿ. ಅಪ್ಪ-ಮಗ ಅವತ್ತು ಬಟ್ಟಲನ್ನು ಹೊಲದಲ್ಲೇ ಸುರಿದು, ಚೆನ್ನಾಗಿ ಕಂಡ ನಾಲ್ಕನ್ನು ನೆನಪಿಗೆ ಇಟ್ಟುಕೊಂಡಿದ್ದರೆ? ಆ ನಾಲ್ಕರಲ್ಲಿ ಆಥೆಲ್‌ಸ್ಟನ್ ಹೋಗಿದ್ದರೆ, ತಜ್ಞರು ಹೂತ ಕಾಲವನ್ನು ಹಿಂದಕ್ಕೆ ತಳ್ಳುತ್ತಿದ್ದರು. ಬಟ್ಟಲಿಗೂ ಯಾರ್ಕಿನ ಪತನಕ್ಕೂ ಗಂಟು ಬೀಳುತ್ತಲೇ ಇರಲಿಲ್ಲ.

ಇದಕ್ಕಿಂತ ದೊಡ್ಡ ವೈಕಿಂಗ್ ನಿಧಿ ಬ್ರಿಟನ್ನಿನಲ್ಲಿ ಸಿಕ್ಕಿದ್ದು 1840ರಲ್ಲಿ, ಲ್ಯಾಂಕಶೈರ್‌ನ ಕ್ಯುಅರ್‌ಡೇಲ್‌ನಲ್ಲಿ. ರಿಬ್ಬಲ್ ನದಿಯ ದಂಡೆ ಸರಿಮಾಡುತ್ತಿದ್ದ ಕೂಲಿಗಳಿಗೆ 8,600ಕ್ಕೂ ಹೆಚ್ಚು ವಸ್ತು ಸಿಕ್ಕವು. ಆಮೇಲೆ ಅದನ್ನು 170ಕ್ಕೂ ಹೆಚ್ಚು ಕಡೆಗೆ ಹಂಚಿಬಿಟ್ಟರು. ಮದುವೆ ಮನೆಯ ತಾಂಬೂಲದ ಹಾಗೆ.

ಒಳ್ಳೆಯತನ ಒಂದೇ ಸಾಕಾಗಿರಲಿಲ್ಲ

ಅಪ್ಪ-ಮಗ ಒಳ್ಳೆಯವರು, ಸರಿ. ಆದರೆ ಅವರ ಒಳ್ಳೆಯತನ ಗಟ್ಟಿಯಾಗಿ ನಿಲ್ಲಲು ಅಡಿಯಲ್ಲಿ ಒಂದು ವ್ಯವಸ್ಥೆ ಇತ್ತು. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆ ಇದೆ. ಆಗಿನ ನಿಯಮದ ಪ್ರಕಾರ, ವಸ್ತು 300 ವರ್ಷಕ್ಕಿಂತ ಹಳೆಯದಾಗಿದ್ದು ಅದರಲ್ಲಿ ನೂರಕ್ಕೆ ಹತ್ತು ಪಾಲಾದರೂ ಚಿನ್ನವೋ ಬೆಳ್ಳಿಯೋ ಇದ್ದರೆ ಅದು ನಿಧಿ. 14 ದಿನದೊಳಗೆ ಕೊರೊನರ್‌ಗೆ ತಿಳಿಸಬೇಕು. ಈ ಕೊರೊನರ್ ಅಂದರೆ ಅನುಮಾನದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ! ಹೆಣಕ್ಕೂ ನಿಧಿಗೂ ಒಬ್ಬರೇ. ಮಧ್ಯಯುಗದಿಂದ ಹಾಗೇ ನಡೆದುಕೊಂಡು ಬಂದಿದೆ. 2007ರ ಜುಲೈ 19ರಂದು ಇದು ನಿಧಿ ಅಂತ ತೀರ್ಪಾಯಿತು.

ಮ್ಯೂಸಿಯಂಗೆ ಬೇಕಾದರೆ ಸುಮ್ನೆ ಎತ್ತಿಕೊಂಡು ಹೋಗುವಂತಿಲ್ಲ. ಸ್ವತಂತ್ರ ಸಮಿತಿಯೊಂದು ಮಾರುಕಟ್ಟೆಯ ಬೆಲೆ ಕಟ್ಟುತ್ತದೆ. ಈ ನಿಧಿಗೆ ಕಟ್ಟಿದ ಬೆಲೆ 10,82,000 ಪೌಂಡ್. ಆಗಿನ ದರದಲ್ಲಿ ಎಂಟು ಕೋಟಿ ರೂಪಾಯಿಯ ಆಸುಪಾಸು. ಬ್ರಿಟಿಷ್ ಮ್ಯೂಸಿಯಂ ಮತ್ತು ಯಾರ್ಕಿನ ಮ್ಯೂಸಿಯಂ ಟ್ರಸ್ಟ್ ಸೇರಿ ಕೊಂಡವು. ಅಲ್ಲಿನ ರೂಢಿಯಂತೆ ಹಣ ಹುಡುಕಿದವರಿಗೆ ಅರ್ಧ, ಜಮೀನಿನವರಿಗೆ ಅರ್ಧ. ಹೊಲದೊಡೆಯರ ಅನುಮತಿ ಇಲ್ಲದೆ ಅಗೆದರೆ ಇದು ಯಾವುದೂ ಇಲ್ಲ, ಕಳ್ಳತನದ ಕೇಸು.

ನನಗೆ ದುಡ್ಡಿಗಿಂತ ಮುಖ್ಯ ಅನ್ನಿಸುವುದು ಇನ್ನೊಂದು. 1997ರಲ್ಲಿ ಅಲ್ಲಿ ಒಂದು ಯೋಜನೆ ಶುರುವಾಯಿತು, 2003ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್ ಪೂರ್ತಿ ಹರಡಿತು. ಸಿಕ್ಕಿದ್ದನ್ನು ದಾಖಲಿಸಿಕೊಳ್ಳಲೆಂದೇ ಜಿಲ್ಲೆ ಜಿಲ್ಲೆಗೂ ಅಧಿಕಾರಿಗಳು. ಅವರ ಮೇಜಿನ ಮುಂದೆ ನೀವು ಒಂದು ಹಳೇ ಗುಂಡಿಯನ್ನೋ ಸೀಸದ ಬಿಲ್ಲೆಯನ್ನೋ ತಂದಿಟ್ಟರೆ ಬೈಯುವುದಿಲ್ಲ. ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು, ಅದೇನು ಅಂತ ಹೇಳಿ, ನಿಧಿಯಲ್ಲದಿದ್ದರೆ ವಾಪಸ್ ಕೊಡುತ್ತಾರೆ. ಹತ್ತು ಸಲ ಗುಂಡಿ ತೋರಿಸಿ ಅಭ್ಯಾಸ ಆದವನು ಹನ್ನೊಂದನೇ ಸಲ ಬಟ್ಟಲು ಸಿಕ್ಕಾಗ ಎಲ್ಲಿಗೆ ಹೋಗಬೇಕು ಅಂತ ಯೋಚಿಸುವುದಿಲ್ಲ. ಕಾಲೇ ಕರೆದುಕೊಂಡು ಹೋಗುತ್ತದೆ.

ವ್ಯವಸ್ಥೆ ಇದ್ದರೂ ಆಸೆ ಗೆದ್ದ ಉದಾಹರಣೆ ಅಲ್ಲೇ ಇದೆ. 2015ರಲ್ಲಿ ಹೆರೆಫರ್ಡ್‌ಶೈರ್‌ನ ಒಂದು ಹೊಲದಲ್ಲಿ ಇಬ್ಬರು ಸ್ನೇಹಿತರಿಗೆ ಇನ್ನೊಂದು ವೈಕಿಂಗ್ ನಿಧಿ ಸಿಕ್ಕಿತು. ಸುಮಾರು 300 ನಾಣ್ಯ ಇದ್ದಿರಬೇಕು ಅಂತ ಅಂದಾಜು. ಅವರು ಮುಚ್ಚಿಟ್ಟು ಮಾರಲು ಹೊರಟರು. ಫೋನಿನಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ವಾಪಸ್ ತೆಗೆದರು, ಗುಟ್ಟು ರಟ್ಟಾಯಿತು. 2019ರಲ್ಲಿ ಒಬ್ಬರಿಗೆ ಹತ್ತು ವರ್ಷ, ಇನ್ನೊಬ್ಬರಿಗೆ ಎಂಟೂವರೆ ವರ್ಷ ಜೈಲು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು 31 ನಾಣ್ಯ ಮಾತ್ರ. ಅವುಗಳಲ್ಲಿ ಕೆಲವದರ ಮೇಲೆ, ಆಗಿನ ಇಂಗ್ಲೆಂಡಿನ ಎರಡು ರಾಜ್ಯಗಳನ್ನು ಆಳುತ್ತಿದ್ದ ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಚೆಯೋಲ್‌ವುಲ್ಫ್ ಕಾಲದ ಒಂದು ಅಪರೂಪದ ಚಿತ್ರ: ಪಕ್ಕಪಕ್ಕ ಕೂತ ಇಬ್ಬರು ಚಕ್ರವರ್ತಿಗಳು. ಹಳೇ ಬಖೈರಿನಲ್ಲಿ ಚೆಯೋಲ್‌ವುಲ್ಫ್ ಅಂದರೆ ವೈಕಿಂಗರ ಕೈಗೊಂಬೆ, ದಡ್ಡ. ನಾಣ್ಯ ನೋಡಿದರೆ ಅವನು ಆಲ್ಫ್ರೆಡ್‌ಗೆ ಸರಿಸಮನಾದ ಮಿತ್ರ. ಕಾಣೆಯಾದ ನಾಣ್ಯಗಳಲ್ಲಿ ಇನ್ನೇನು ಸಾಕ್ಷಿ ಇತ್ತೋ!

ಒಬ್ಬನೇ ಇದ್ದರೆ ಆಸೆ ಜಾಸ್ತಿ, ಇಬ್ಬರಿದ್ದರೆ ಕಡಿಮೆ ಅಂತ ಹೇಳೋಣ ಅಂದರೆ ಈ ಇಬ್ಬರು ಸ್ನೇಹಿತರು ಅಡ್ಡ ಬರುತ್ತಾರೆ. ಮಗನ ಎದುರು ಅಪ್ಪನಿಗೆ, ಅಪ್ಪನ ಎದುರು ಮಗನಿಗೆ ಒಂದು ಸಂಕೋಚ ಇರುತ್ತದೆ ಅಂತ ನಾನು ನಂಬಿದ್ದೇನೆ. ಅದು ನನ್ನ ನಂಬಿಕೆ, ಪುರಾವೆ ಅಲ್ಲ.

ನಮ್ಮ ನೆಲದಲ್ಲಿ

ನಮ್ಮಲ್ಲಿ ನಿಧಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಹಾವು, ಅಮಾವಾಸ್ಯೆ ರಾತ್ರಿ, ಪಿಕಾಸಿ. ಪಾಳು ಗುಡಿಯ ಲಿಂಗ ಕಿತ್ತು ಗುಂಡಿ ತೋಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ಒಡೆದು ಹಾಕಿದ್ದರು, ನಿಧಿಯ ಆಸೆಗೆ. ಇಂಥವರನ್ನೂ ವೀಲನ್ ಅಪ್ಪ-ಮಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಆದರೆ ಹೊಲ ಉಳುವಾಗಲೋ, ಪಾಯ ತೋಡುವಾಗಲೋ ತಾನಾಗಿ ಏನೋ ಸಿಕ್ಕಿದ ಮಾಮೂಲಿ ಮನುಷ್ಯ ಇದ್ದಾನಲ್ಲ, ಅವನ ಕಷ್ಟ ಬೇರೆ.

ಕಾನೂನು ನಮ್ಮಲ್ಲಿ ಇನ್ನೂ ಹಳೆಯದು. 1878ರ ಭಾರತೀಯ ನಿಧಿ ಕಾಯಿದೆಯಲ್ಲಿ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ವಾರಸುದಾರರು ಯಾರೂ ಇಲ್ಲ ಅಂತಾದರೆ ಸಿಕ್ಕಿದವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಮುಚ್ಚಿಟ್ಟರೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಸರ್ಕಾರಕ್ಕೇ ಬೇಕಾದರೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯೂ ಇದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಂತೂ ಅನುಮತಿ ಇಲ್ಲದೆ ಗುದ್ದಲಿ ಹಾಕುವುದೇ ತಪ್ಪು. ಡಿಟೆಕ್ಟರ್ ಕೊಂಡು ಹಂಪಿ ಕಡೆ ಹೊರಡೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ದಯವಿಟ್ಟು ಬೇಡ.

ಆ 1878ರ ಲೆಕ್ಕದಲ್ಲಿ "ಲೋಹದ ಬೆಲೆ" ಅನ್ನುವ ಮಾತು ನೋಡಿ. ಹ್ಯಾರೊಗೇಟಿನ ಬಟ್ಟಲಿನ ತೂಕ ಸುಮಾರು 370 ಗ್ರಾಂ. ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಎಷ್ಟು ಬಂದೀತು? ಸಿಂಹ, ಜಿಂಕೆ, ಸಾವಿರ ವರ್ಷ ಯಾವುದೂ ತಕ್ಕಡಿಯಲ್ಲಿ ತೂಗುವುದಿಲ್ಲ. ಇಷ್ಟಕ್ಕೆ ಯಾರು ಕಚೇರಿ ಕಚೇರಿ ಅಲೆಯುತ್ತಾರೆ? ರಾತ್ರೋರಾತ್ರಿ ಕರಗಿಸುವವನು ಹೇಳುವ ಬೆಲೆಯೂ ಹೆಚ್ಚುಕಮ್ಮಿ ಅದೇ, ಜೊತೆಗೆ ಪೊಲೀಸರ ಭಯವೂ ಇಲ್ಲ. ನಮ್ಮ ಜನ ದುರಾಸೆಯವರು ಅಂತ ಬೈಯುವ ಮುಂಚೆ ಈ ಲೆಕ್ಕ ಹಾಕಬೇಕು.

ಜಾಗ ಕಳೆದುಕೊಳ್ಳದ ನಾಣ್ಯ ಏನು ಮಾಡಬಲ್ಲದು ಅನ್ನುವುದಕ್ಕೆ ನಾವು ಯಾರ್ಕ್‌ಶೈರ್‌ಗೆ ಹೋಗಬೇಕಾಗಿಯೂ ಇಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಪುರಾತತ್ವಜ್ಞ ಡಾ. ಎಂ. ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಅಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆ ರೋಮ್‌ನ ಬೆಳ್ಳಿ ನಾಣ್ಯ ಸಿಕ್ಕವು, ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳವು. ಅದೇ ರೋಮನ್ ನಾಣ್ಯ ಸಂತೆಯಲ್ಲಿ ಸಿಕ್ಕಿದ್ದರೆ ಒಂದು ಚಂದದ ಬಿಲ್ಲೆ, ಅಷ್ಟೇ. ಮಣ್ಣಿನ ಪದರದಲ್ಲಿ, ಮಡಕೆ ಚೂರುಗಳ ಪಕ್ಕದಲ್ಲಿ ಸಿಕ್ಕಿದ್ದರಿಂದ ಆ ಮಡಕೆ ಮಾಡಿದವರ ಕಾಲವನ್ನೂ ಅದು ಹೇಳಿತು. ಚಂದ್ರವಳ್ಳಿಯಿಂದ ನಮ್ಮ ಹೊಲ ಬಹಳ ದೂರವೇನಲ್ಲ. ಅಜ್ಜಿಯ ಕಾಸು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಹೋದ ವರ್ಷ ಚಿಕ್ಕಪ್ಪನ ಮಗ ಅದೇ ಹೊಲದಲ್ಲಿ ಕೃಷಿಹೊಂಡ ತೆಗೆಸುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಹಿಂದೆ ಜೆಸಿಬಿ ಸದ್ದು.

"ಅಣ್ಣಾ, ಏನೋ ಸಿಕ್ಕೈತೆ. ಗಟ್ಟಿ ಐತೆ, ಮಣ್ಣು ಮೆತ್ಕೊಂಡೈತೆ. ತೊಳೀಲಾ?"

"ಬ್ಯಾಡ ಮಾರಾಯ! ಮುಟ್ಬ್ಯಾಡ. ಎಲ್ಲಿತ್ತೋ ಅಲ್ಲೇ ಇಡು, ಪಕ್ಕದಾಗೆ ಒಂದು ಸ್ಕೇಲ್ ಇಟ್ಟು ಫೋಟೋ ಕಳ್ಸು."

ಸ್ಕೇಲ್ ಸಿಗಲಿಲ್ಲ, ಬೆಂಕಿಪೊಟ್ಟಣ ಇಟ್ಟು ನಾಲ್ಕು ಫೋಟೋ ಕಳಿಸಿದ. ಜೆಸಿಬಿಯವನನ್ನು ಮುಕ್ಕಾಲು ಗಂಟೆ ನಿಲ್ಲಿಸಿ, ಅದಕ್ಕೂ ಬಾಡಿಗೆ ಕೊಟ್ಟ. ನೋಡಿದರೆ ಎತ್ತಿನ ಬಂಡಿಯ ಕಡಾಣಿ, ಕಬ್ಬಿಣದ್ದು, ಅರ್ಧ ಮುರಿದದ್ದು. ಈಗ ಅದು ದೇವರ ಗೂಡಿನಲ್ಲಿ ಅಜ್ಜಿಯ ಕಾಸಿನ ಪಕ್ಕದಲ್ಲಿದೆ, ಮಣ್ಣಿನ ಸಮೇತ.